ಬಾಯಿ ತಪ್ಪಿದ ಹಾಡು

ಬೇಸಿಗೆ ರಜೆಯಲ್ಲಿ ಮಗಳ ಮನೆಗೆ ಹೋಗಿದ್ದೆ. ಮಗಳ ಮನೆ ಎಂದರೆ ಬಸ್ಸು ಹತ್ತಿ ಇಳಿಯುವಷ್ಟು ದೂರದ್ದಲ್ಲ. ಅಮೆರಿಕದ ಪಶ್ಚಿಮದಂಚಿನ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್. ಹೋದ ಮಾರನೆಯ ದಿನದಿಂದಲೇ ನನ್ನ ಕಿವಿಗೆ ಶಿಕ್ಷೆ ಶುರುವಾಯಿತು. ಹನ್ನೊಂದು ವರ್ಷದ ಮೊಮ್ಮಗ ಶಾಲೆಯಿಂದ ಬಂದವನೇ ಟ್ರಂಪೆಟ್ ಹಿಡಿದು ಕೂರುತ್ತಿದ್ದ. ಮೂರು ಸಲ ಊದುವುದು, ಎರಡು ಸಲ ಊದುವುದು, ಮತ್ತೆ ಮೂರು, ಮತ್ತೆ ಎರಡು. ಅಷ್ಟೇ. ಒಂದು ವಾರ ಕಳೆಯುವಷ್ಟರಲ್ಲಿ ನಾನು ಹುಳಿ ಕೂಡಿಸುವಾಗ ಸೌಟು ಕೂಡ ಅದೇ ತಾಳದಲ್ಲಿ ತಿರುಗತೊಡಗಿತ್ತು.

“ಏನೋ ಇದು? ನಿಮ್ಮ ಮೇಷ್ಟ್ರು ಬೇರೇನೂ ಹೇಳಿಕೊಡಲಿಲ್ಲವೇನೋ?” ಎಂದೆ.

“ಅಜ್ಜಿ, ಇದು ‘ಲೂಯಿ ಲೂಯಿ’. ನಮ್ಮೂರಿನ ಹಾಡು. ಸ್ಕೂಲ್ ಬ್ಯಾಂಡಲ್ಲಿ ಎಲ್ಲರೂ ನುಡಿಸ್ತಾರೆ” ಎಂದ. ಮಾತಾಡಿದಾಗ ಅವನ ಹಲ್ಲಿನ ಕ್ಲಿಪ್ಪು ಮಿಂಚಿತು. “ಇದನ್ನು ಹಾಡಿದವನಿಗೂ ನನ್ನ ಹಾಗೇ ಹಲ್ಲಿಗೆ ಕ್ಲಿಪ್ ಇತ್ತಂತೆ!”

ಮೇಷ್ಟರ ಜಾತಿ ನೋಡಿ, ಒಂದು ಎಳೆ ಸಿಕ್ಕರೆ ಬಿಡುವುದಿಲ್ಲ. ಮಗಳು ಅಳಿಯ ಕೆಲಸಕ್ಕೆ ಹೋದ ಮೇಲೆ ಹಗಲೆಲ್ಲ ಬಿಡುವೇ. ಆ ಹಾಡಿನ ಹಿಂದೆ ಬಿದ್ದೆ.

ಬರೆದವನು ರಿಚರ್ಡ್ ಬೆರಿ ಎಂಬ ಕರಿಯ ಗಾಯಕ, 1955ರಲ್ಲಿ. ಹಡಗಿನವನೊಬ್ಬ ಜಮೈಕಾದಲ್ಲಿರುವ ತನ್ನ ಹುಡುಗಿಯ ನೆನಪನ್ನು ಲೂಯಿ ಎಂಬವನ ಮುಂದೆ ತೋಡಿಕೊಳ್ಳುವ ಸರಳ ವಿರಹಗೀತೆ. 1957ರಲ್ಲಿ ತಟ್ಟೆ ಬಂತು. ಎರಡು ವರ್ಷದ ನಂತರ ಬೆರಿಗೆ ಮದುವೆ. ಖರ್ಚಿಗೆ ಹಣವಿಲ್ಲ. ಈ ಹಾಡಿನ ಹಕ್ಕನ್ನೂ ಇನ್ನು ಕೆಲವು ಹಾಡುಗಳದ್ದನ್ನೂ 750 ಡಾಲರಿಗೆ ಮಾರಿಬಿಟ್ಟ. ಓದಿ ಹೊಟ್ಟೆ ಚುರುಕ್ ಎಂದಿತು. ಮದುವೆಗೆಂದು ಹೊಲ ಮಾರಿದವರನ್ನು ನಾನೂ ನೀವೂ ಎಷ್ಟು ಜನರನ್ನು ಕಂಡಿಲ್ಲ? ಪುಣ್ಯಕ್ಕೆ 1980ರ ದಶಕದಲ್ಲಿ ವಕೀಲರ ನೆರವಿನಿಂದ ಹಕ್ಕಿನಲ್ಲಿ ಒಂದು ಪಾಲು ಅವನಿಗೆ ಮರಳಿತು. 1997ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಬಡವನಾಗಿ ಉಳಿದಿರಲಿಲ್ಲ.

ಮೊಮ್ಮಗ ಹೇಳಿದ ಕ್ಲಿಪ್ಪಿನ ಹುಡುಗ ಜ್ಯಾಕ್ ಈಲಿ. ‘ಕಿಂಗ್ಸ್‌ಮೆನ್’ ಎಂಬ ಪೋರ್ಟ್‌ಲ್ಯಾಂಡಿನ ಹುಡುಗರ ತಂಡದವನು. ಕಾರು ನಿಲ್ಲಿಸುವ ಶೆಡ್ಡಿನಲ್ಲಿ ಗದ್ದಲವೆಬ್ಬಿಸಿ ಅಭ್ಯಾಸ ಮಾಡುವ ಇಂಥ ಹುಡುಗರ ಸಂಗೀತಕ್ಕೇ ಆಮೇಲೆ ‘ಗ್ಯಾರೇಜ್ ರಾಕ್’ ಎಂಬ ಹೆಸರು ಬಂದದ್ದು. 1963ರ ಏಪ್ರಿಲ್‌ನಲ್ಲಿ ಅವರೆಲ್ಲ ಸ್ಟುಡಿಯೋಕ್ಕೆ ಹೋದರು. ಮೈಕನ್ನು ಎತ್ತರದಲ್ಲಿ ತೂಗುಹಾಕಿದ್ದರು. ಈಲಿ ತುದಿಗಾಲಲ್ಲಿ ನಿಂತು, ಕತ್ತು ಮೇಲೆತ್ತಿ ಕಿರುಚಬೇಕಾಯಿತು. ಮೇಲೆ ಹಲ್ಲಿನ ಕ್ಲಿಪ್ಪು ಬೇರೆ. ಒಂದು ಮಾತೂ ಸ್ಪಷ್ಟವಿಲ್ಲ. ಸಾಲದ್ದಕ್ಕೆ ಗಿಟಾರ್ ಮುಗಿದ ಮೇಲೆ ಅವನು ಮುಂದಿನ ಚರಣವನ್ನು ಮೊದಲೇ ಎತ್ತಿಬಿಟ್ಟ. ತಪ್ಪು ತಿಳಿದು ಗಪ್ಪನೆ ನಿಲ್ಲಿಸಿದ. ಡ್ರಮ್ ಬಾರಿಸುತ್ತಿದ್ದ ಲಿನ್ ಈಸ್ಟನ್ ಆ ಖಾಲಿ ಜಾಗವನ್ನು ಧಡಧಡನೆ ಬಾರಿಸಿ ತುಂಬಿದ. ಈಲಿ ಸರಿಯಾದ ಜಾಗದಲ್ಲಿ ಮತ್ತೆ ಸೇರಿಕೊಂಡ. ಅದೇ ತಪ್ಪಿನ ಸಮೇತ ತಟ್ಟೆ ಹೊರಬಿತ್ತು. ವರ್ಷದ ಕೊನೆಗೆ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 2ನೆಯ ಸ್ಥಾನಕ್ಕೇರಿತು.

ಮಾತು ಅರ್ಥವಾಗದಿದ್ದರೆ ಜನ ಸುಮ್ಮನಿರುತ್ತಾರೆಯೇ? ಅದರಲ್ಲಿ ಅಶ್ಲೀಲವಿದೆ ಎಂದು ಗುಲ್ಲೆದ್ದಿತು. 1964ರಲ್ಲಿ ತಂದೆತಾಯಂದಿರು ಸರಕಾರಕ್ಕೆ ಪತ್ರ ಬರೆದರು. ಎಫ್.ಬಿ.ಐ.ನವರು ಎರಡು ವರ್ಷಕ್ಕೂ ಮೇಲೆ ತನಿಖೆ ನಡೆಸಿ, ತಟ್ಟೆಯನ್ನು ಬೇರೆ ಬೇರೆ ವೇಗದಲ್ಲಿ ತಿರುಗಿಸಿ ಕೇಳಿ, ಕೊನೆಗೆ ಏನೂ ಅರ್ಥವಾಗುವುದಿಲ್ಲ ಎಂದು ಕಡತ ಮುಚ್ಚಿದರು. ತಮಾಷೆಯೆಂದರೆ, ಹಾಡಿದ ಜ್ಯಾಕ್ ಈಲಿಯನ್ನು ಒಮ್ಮೆಯೂ ಕರೆದು ಕೇಳಲಿಲ್ಲವಂತೆ.

ಇಲ್ಲಿಗೆ ಬಂದಾಗ ನನ್ನ ನಗು ನಿಂತಿತು.

ಮೂವತ್ತು ವರ್ಷದ ಹಿಂದಿನ ಮಾತು. ನಮ್ಮ ಶಾಲೆಗೆ ಸಾಹೇಬರ ತಪಾಸಣೆ. ಸ್ವಾಗತಗೀತೆಯ ಉಸ್ತುವಾರಿ ನನ್ನದು. ಕೆಲಸಕ್ಕೆ ಸೇರಿದ ಹೊಸತು, ಒಳ್ಳೆಯ ಹೆಸರು ಬರಲಿ ಎಂಬ ಹಂಬಲ. ಏಳನೆಯ ತರಗತಿಯ ಒಬ್ಬ ಹುಡುಗಿ, ಬೀಡಿ ಕಟ್ಟುವವರ ಮಗಳು, ಹಾಡಿದರೆ ಕಂಚಿನ ಕಂಠ. ಅಂದು ಅವಳು ಎರಡನೆಯ ಚರಣವನ್ನು ಮೊದಲೇ ಎತ್ತಿಬಿಟ್ಟಳು. ಉಳಿದ ಐದು ಮಕ್ಕಳು ಗಲಿಬಿಲಿಗೊಂಡು ನಿಂತುಬಿಟ್ಟರು. ಯಾರೋ ಕಿಸಕ್ಕನೆ ನಕ್ಕರು. ಸಾಹೇಬರೇನೂ ಬೇಸರ ಮಾಡಿಕೊಳ್ಳಲಿಲ್ಲ. ಬೇಸರವಾದದ್ದು ನನಗೆ. ಮಾರನೆಯ ದಿನ ಪ್ರಾರ್ಥನೆಯ ಸಾಲಿನಿಂದ ಅವಳನ್ನು ಹಿಂದಕ್ಕೆ ಕಳಿಸಿದೆ. “ನಿನಗೆ ತಾಳವಿಲ್ಲ, ಇನ್ನು ಮೇಲೆ ಕೇಳಿಸಿಕೋ ಸಾಕು” ಎಂದೆ. ಯಾಕೆ ಹಾಗಾಯಿತು ಎಂದು ಕೇಳಲಿಲ್ಲ. ಹೆದರಿದ್ದಳೋ, ಹಾರ್ಮೋನಿಯಮ್ ಕೇಳಿಸಲಿಲ್ಲವೋ, ಬೆಳಿಗ್ಗೆ ತಿಂಡಿಯನ್ನೇ ತಿಂದಿರಲಿಲ್ಲವೋ. ಕೇಳಲೇ ಇಲ್ಲ.

ಕೆಲವು ವರ್ಷಗಳ ಹಿಂದೆ ಸಂತೆಯಲ್ಲಿ ಸಿಕ್ಕಿದ್ದಳು, ಕಂಕುಳಲ್ಲಿ ಮಗು. “ಮಗಳಿಗೂ ನಿನ್ನ ಕಂಠ ಬಂದಿದೆಯೇನೇ?” ಎಂದೆ. “ನಮಗೆಲ್ಲಿಯ ತಾಳ ಮಿಸ್?” ಎಂದು ನಕ್ಕು, ಸೊಪ್ಪಿನ ಕಟ್ಟು ಆರಿಸತೊಡಗಿದಳು. ಅವಳು ಕುಹಕಕ್ಕೆ ಹೇಳಿದ್ದಲ್ಲ. ಮಿಸ್ ಹೇಳಿದ್ದನ್ನು ನಿಜವೆಂದು ನಂಬಿ ಬಾಳಿದ್ದಳು, ಅಷ್ಟೇ.

ಆ ಅಮೆರಿಕದ ಹುಡುಗರ ಕಥೆಯೂ ಸುಖಾಂತವೇನಲ್ಲ. ತಪ್ಪನ್ನು ಮುಚ್ಚಿದ ಈಸ್ಟನ್ನನೇ ಕೆಲವು ತಿಂಗಳಲ್ಲಿ, ಇನ್ನು ಮೇಲೆ ಹಾಡುವವನು ತಾನು ಎಂದ. ಈಲಿ ತಂಡ ಬಿಟ್ಟು ಹೋದ. ಹಾಡು ಗೆದ್ದಾಗ ವೇದಿಕೆಯ ಮೇಲೆ ಅವನಿರಲಿಲ್ಲ. ಈಸ್ಟನ್ ಅವನ ದನಿಗೆ ತುಟಿಯಾಡಿಸಿದ. ಒಬ್ಬನೇ ಮನುಷ್ಯ ಒಮ್ಮೆ ಕೈ ಹಿಡಿದ, ಒಮ್ಮೆ ಕೈ ಬಿಟ್ಟ. ನಾನು ಎರಡನೆಯದನ್ನು ಮಾತ್ರ ಮಾಡಿದವಳು.

ಹಾಡು ಮಾತ್ರ ಯಾರ ಕೈಗೂ ಸಿಗದೆ ಬೆಳೆಯಿತು. ಕಿಂಕ್ಸ್, ಬೀಚ್ ಬಾಯ್ಸ್, ಓಟಿಸ್ ರೆಡಿಂಗ್ ಎಲ್ಲರೂ ಹಾಡಿದರು. 1983ರಲ್ಲಿ ಕ್ಯಾಲಿಫೋರ್ನಿಯಾದ ಕಾಲೇಜು ರೇಡಿಯೋ ಒಂದು 63 ಗಂಟೆಗಳ ಕಾಲ ಇದೊಂದೇ ಹಾಡನ್ನು 800ಕ್ಕೂ ಮೇಲ್ಪಟ್ಟ ರೂಪಗಳಲ್ಲಿ ಬಿತ್ತರಿಸಿತು. ನನಗೆ ಬೆರಗೆನಿಸಿದ್ದು ಬೇರೆ. ಕಿಂಗ್ಸ್‌ಮೆನ್ ರೀತಿಯಲ್ಲೇ ಹಾಡುವ ಕೆಲವರು ಆ ತಪ್ಪನ್ನೂ ಬೇಕೆಂದೇ ಹಾಡುತ್ತಾರೆ. ಅಲ್ಲಿಗೆ ಬಂದಾಗ ಮೊದಲೇ ಬಾಯಿಬಿಟ್ಟು, ಗಪ್ಪನೆ ನಿಲ್ಲಿಸಿ, ಡ್ರಮ್ಮಿಗೆ ಜಾಗ ಕೊಡುತ್ತಾರೆ. ಒಬ್ಬ ಹುಡುಗನ ಅವಸರ ಈಗ ಹಾಡಿನ ಅಂಗವಾಗಿಬಿಟ್ಟಿದೆ.

ಮೇ ಕೊನೆಯಲ್ಲಿ ಮೊಮ್ಮಗನ ಶಾಲೆಯ ಕಾರ್ಯಕ್ರಮ. ನಮ್ಮ ಹುಡುಗನೇ ಒಂದು ಕಡೆ ಮೊದಲೇ ಊದಿಬಿಟ್ಟ. ನನ್ನ ಎದೆ ಧಸಕ್ ಎಂದಿತು. ಬ್ಯಾಂಡಿನ ಟೀಚರಮ್ಮ ಕೈ ನಿಲ್ಲಿಸಲಿಲ್ಲ. ಅವನ ಕಡೆ ನೋಡಿ ಹುಬ್ಬು ಹಾರಿಸಿ, ತಾಳ ಹಾಕುತ್ತಲೇ ಹೋದರು. ಇವನು ಸೇರಿಕೊಂಡ.

ಮನೆಗೆ ಬರುವಾಗ ಕಾರಿನಲ್ಲಿ, “ಅಜ್ಜಿ, ತಪ್ಪಿದ್ದು ಗೊತ್ತಾಯ್ತಾ?” ಎಂದ.

“ಗೊತ್ತಾಯಿತು. ಯಾಕೋ ಹಾಗಾಯಿತು?” ಎಂದೆ.

ಅವನು ಮನೆ ಮುಟ್ಟುವವರೆಗೂ ಹೇಳುತ್ತಲೇ ಇದ್ದ. ನಾನು ಕೇಳುತ್ತ ಕುಳಿತಿದ್ದೆ. ಮನಸ್ಸೆಲ್ಲ ಸಂತೆಯ ಸೊಪ್ಪಿನ ಅಂಗಡಿಯ ಮುಂದಿತ್ತು.