ಎರಿ ಹೊಲದಾಗ ಟ್ಯಾಂಕು

ನನ್ನ ತಮ್ಮ ಅಪ್ಪನ ಜೊತೆ ನಾಲ್ಕು ತಿಂಗಳು ಮಾತಾಡಿರಲಿಲ್ಲ. ಮತ್ತೆ ಮಾತು ಶುರುವಾಗಿದ್ದು ಒಂದು ಟ್ಯಾಂಕಿನಿಂದ. ನೀರಿನ ಟ್ಯಾಂಕಲ್ಲ, ಯುದ್ಧದ ಟ್ಯಾಂಕು.

ನಮ್ಮೂರು ಯಲಬುರ್ಗಾ ತಾಲೂಕಿನಲ್ಲಿದೆ. ನಸುಕಿನಲ್ಲಿ ರಸ್ತೆ ಬದಿ ಬನಿಯನ್ ಹಾಕಿಕೊಂಡು ಓಡುವ ಹುಡುಗರನ್ನು ನೀವೂ ನೋಡಿರುತ್ತೀರಿ. ಕುಷ್ಟಗಿ, ಯಲಬುರ್ಗಾ ಕಡೆ ಮಿಲಿಟರಿ ಭರ್ತಿ ಅಂದರೆ ಊರಿಗೆ ಇಬ್ಬರು ಮೂವರಾದರೂ ಓಡುತ್ತಿರುತ್ತಾರೆ. ನನ್ನ ತಮ್ಮನೂ ಎರಡು ವರ್ಷ ಓಡಿದ. ಭರ್ತಿಯ ದಿನ 1.6 ಕಿಲೋಮೀಟರ್ ಓಟದಲ್ಲಿ ಆರು ಸೆಕೆಂಡು ತಡವಾಯಿತು. ಅಷ್ಟರಲ್ಲಿ ಅಗ್ನಿವೀರರ ವಯಸ್ಸೂ ದಾಟಿತು. ಮನೆಗೆ ಬಂದ ದಿನ ಅಪ್ಪ, 'ಎರಡ ವರ್ಷ ಹೊಲದಾಗ ಓಡಿದ್ದರ ಒಂದ ಬೆಳಿಯಾದರೂ ಬರತಿತ್ತು' ಅಂದುಬಿಟ್ಟರು. ಮಾತು ಅಲ್ಲಿಗೆ ನಿಂತಿತು.

ಆಮೇಲೆ ಅವನು ಮೊಬೈಲ್ ಹಿಡಿದು ಕುಳಿತ. ನಾನು ಕೊಪ್ಪಳದಿಂದ ಭಾನುವಾರ ಮನೆಗೆ ಬಂದಾಗೆಲ್ಲ ಅದೇ ನೋಟ. ನಮ್ಮವ್ವ 'ಏನ್ ಆಟ ಐತಿ ನೋಡವ್ವ' ಅಂತ ನನಗೆ ಹೇಳುವುದು, ನಾನು ಬೈಯುವುದು, ಅವನು ಗೋಡೆ ಕಡೆ ಹೊರಳುವುದು. ಒಂದು ಭಾನುವಾರ ಬೈಯುವುದು ಬಿಟ್ಟು ಪಕ್ಕದಲ್ಲಿ ಕುಳಿತು 'ನನಗೂ ಕಲಿಸು' ಅಂದೆ.

ಅದು ಎರಡನೇ ಮಹಾಯುದ್ಧದ ಆಟ. ನಕ್ಷೆಯ ತುಂಬ ಆರು ಮೂಲೆಯ ಮನೆಗಳು, ಜೇನು ಹುಟ್ಟಿನ ಕಣ್ಣುಗಳ ಹಾಗೆ. ಯಾಕೆ ಆರು ಮೂಲೆ ಅಂತ ಕೇಳಿದೆ. ಚದುರಂಗದ ಚೌಕದಲ್ಲಿ ನೇರ ಹೋದರೆ ದೂರ ಕಡಿಮೆ, ಮೂಲೆಗೆ ಹೋದರೆ ದೂರ ಹೆಚ್ಚು. ಆರು ಮೂಲೆಯ ಮನೆಯಲ್ಲಿ ಸುತ್ತಲಿನ ಆರೂ ಮನೆಗಳು ಒಂದೇ ದೂರ. ಹಾಗಾಗಿ ಸೈನ್ಯ ನಡೆಸುವ ಲೆಕ್ಕ ಸುಲಭ. ಭರ್ತಿಯಲ್ಲಿ ಬಿದ್ದ ಹುಡುಗ ಇದನ್ನು ಮೇಷ್ಟ್ರ ಹಾಗೆ ಹೇಳಿದ.

ನಾನು ನನ್ನ ಟ್ಯಾಂಕನ್ನು ಶತ್ರುವಿನ ಪಕ್ಕ ನಿಲ್ಲಿಸಿ ಗುಂಡು ಹೊಡೆದೆ. 'ಅಕ್ಕಾ, ನಿಂದರಿಸಿ ಹೊಡೀಬ್ಯಾಡ. ಹಾಯಿಸು' ಅಂದ.

ಅದಕ್ಕೆ ಓವರ್‌ರನ್ ಅನ್ನುತ್ತಾರೆ. ಪಕ್ಕದಲ್ಲಿ ನಿಂತು ಹೊಡೆದರೆ ಅಲ್ಲಿಗೆ ನಿಮ್ಮ ಸರದಿ ಮುಗಿಯಿತು. ಶತ್ರು ಸಣ್ಣವನಿದ್ದು ಬಯಲಿನಲ್ಲಿದ್ದರೆ ಟ್ಯಾಂಕು ನಿಲ್ಲುವುದೇ ಇಲ್ಲ. ಅವನ ಮೇಲೆ ಹಾಯ್ದು ಆಚೆ ಇಳಿಯುತ್ತದೆ, ಓಟ ಉಳಿದಿದ್ದರೆ ಇನ್ನೂ ಮುಂದೆ ಹೋಗುತ್ತದೆ. 1970ರಲ್ಲಿ ಅಮೆರಿಕದ ಜಿಮ್ ಡನ್ನಿಗನ್ ರೂಪಿಸಿದ, ಅವಲಾನ್ ಹಿಲ್ ಕಂಪನಿ ತಂದ ಪ್ಯಾಂಜರ್‌ಬ್ಲಿಟ್ಜ್ ಅನ್ನುವ ರಟ್ಟಿನ ಆಟದಲ್ಲಿ ಈ ನಿಯಮ ಇದೆ. ಅದರಲ್ಲಿ ಒಂದು ಮನೆ ಅಂದರೆ 250 ಮೀಟರ್, ಒಂದು ಸರದಿ ಅಂದರೆ ಆರು ನಿಮಿಷ. ಹಾಯುವ ಹಕ್ಕು ಉಕ್ಕಿನ ಕವಚದ ವಾಹನಗಳಿಗೆ ಮಾತ್ರ. ಕಾಡು, ಊರಿನೊಳಗೆ ಅವಿತವರ ಮೇಲೆ ಹಾಯುವಂತಿಲ್ಲ. ನೇರ ಗೆರೆಯಲ್ಲೇ ಹಾಯಬೇಕು, ಆಚೆ ಇಳಿಯುವ ಮನೆಯಲ್ಲಿ ಶತ್ರು ಇರಬಾರದು.

ಇದನ್ನು ಕೇಳಿದಾಗ ನಗು ಬಂತು. ನಮ್ಮಜ್ಜಿ ಕಟ್ಟೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದು ಆಡಿಸುತ್ತಿದ್ದ ಹುಲಿ-ಕುರಿ ಆಟದ ನಿಯಮ ಇದೇ ಅಲ್ಲವೇ! ಹುಲಿ ಪಕ್ಕದ ಕುರಿಯನ್ನು ನೇರ ಗೆರೆಯಲ್ಲಿ ಜಿಗಿದು ದಾಟಬೇಕು, ಆಚೆ ಖಾಲಿ ಇರಬೇಕು. ಕುರಿಯ ಹಿಂದೆ ಇನ್ನೊಂದು ಕುರಿ ನಿಂತರೆ ಹುಲಿ ಬಾಯಿ ಮುಚ್ಚಿಕೊಂಡು ಕೂರಬೇಕು. ಆನೆಗುಂದಿಯಿಂದ ಹೊಳೆ ದಾಟಿ ಹಂಪಿಗೆ ಹೋದರೆ ಮಂಟಪಗಳ ನೆಲಗಲ್ಲಿನ ಮೇಲೆ ಇಂಥ ಆಟದ ಮನೆಗಳನ್ನು ಕೊರೆದಿರುವುದು ಕಾಣುತ್ತದೆ. ಗೈಡುಗಳು ಅದನ್ನು ತೋರಿಸುವುದು ಕಡಿಮೆ, ಕಲ್ಲಿನ ರಥದ ಕಡೆಗೇ ಓಡಿಸುತ್ತಾರೆ.

ಮುಂದಿನ ವಾರ ಬಂದಾಗ ತಮ್ಮ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ನಕ್ಷೆ ಬರೆದಿದ್ದ. ಟ್ರ್ಯಾಕ್ಟರಿನ ದೊಡ್ಡ ನಟ್ಟು ಇಟ್ಟು ಸುತ್ತ ಪೆನ್ಸಿಲ್ ಆಡಿಸಿ ಆರು ಮೂಲೆಯ ಮನೆಗಳನ್ನು ಮಾಡಿದ್ದ. ನಕ್ಷೆ ರಷ್ಯಾದ್ದಲ್ಲ, ನಮ್ಮ ಜಿಲ್ಲೆಯದು. ಕೆಳಗೆ ತುಂಗಭದ್ರೆ, ಗಂಗಾವತಿಯ ಭತ್ತದ ಗದ್ದೆ, ಎಡದಂಡೆ ಕಾಲುವೆ, ಕೊಪ್ಪಳದ ಕೋಟೆ ಗುಡ್ಡ, ಮೇಲೆ ಕುಷ್ಟಗಿ ಹೆದ್ದಾರಿ, ಎಡಕ್ಕೆ ನಮ್ಮ ಎರಿ ಹೊಲ. ಹುಣಸೆ ಬೀಜ ಟ್ಯಾಂಕು, ಕಡಲೆ ಕಾಳು ಕಾಲಾಳು.

ಪಡಸಾಲೆಯಲ್ಲಿ ಹಾಸಿಕೊಂಡು ಆಡುತ್ತಿದ್ದೆವು. ಅವನ ಹುಣಸೆ ಬೀಜ ಗಂಗಾವತಿಯ ಗದ್ದೆಯ ಮೇಲೆ ಹಾಯ್ದು ಬಂತು. ಅಪ್ಪ ಕಂಬಕ್ಕೆ ಒರಗಿ ಎಲೆ-ಅಡಿಕೆ ಹಾಕಿಕೊಳ್ಳುತ್ತಿದ್ದವರು ನನಗೆ ಹೇಳಿದರು, 'ಅವಂಗ ಹೇಳು, ನಾಟಿ ಮಾಡಿದ ಗದ್ದ್ಯಾಗ ಅದು ಬರಂಗಿಲ್ಲ. ಅಲ್ಲೆ ಭತ್ತ ಕೊಯ್ಯಾಕ ಚೈನಿನ ಮಷಿನ್ ಯಾಕ ತರತಾರ? ಟೈರಿಂದು ಹುಗೀತೈತಿ ಅಂತ.'

ತಮ್ಮ ನನಗೆ ಹೇಳಿದ, 'ಟ್ಯಾಂಕಿಗೂ ಚೈನೇ ಇರತೈತಿ ಅಂತ ಹೇಳು.'

'ತೂಕ ಎಷ್ಟಂತ ಕೇಳು.'

ಪ್ಯಾಟನ್ ಟ್ಯಾಂಕು ಸುಮಾರು 45 ಟನ್. ಈಗ ನಾನೇ ಬಾಯಿ ಹಾಕಬೇಕಾಯಿತು, ಯಾಕೆಂದರೆ ಅಪ್ಪ ಹೇಳುತ್ತಿದ್ದದ್ದು ನಿಜವಾಗಿ ನಡೆದಿದೆ. 1965ರ ಸೆಪ್ಟೆಂಬರ್, ಪಂಜಾಬಿನ ಖೇಮಕರಣ್ ಹತ್ತಿರದ ಅಸಲ್ ಉತ್ತರ್. ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ಹೀಗೇ ಹಾಯ್ದು ಹೋಗುವ ಲೆಕ್ಕದಲ್ಲಿ ಬಂದವು. ನಮ್ಮ ಸೈನ್ಯ ಹಿಂದೆ ಸರಿದು ಕುದುರೆ ಲಾಳದ ಆಕಾರದಲ್ಲಿ ನಿಂತು, ಕಬ್ಬಿನ ಗದ್ದೆಗಳಿಗೆ ನೀರು ಬಿಟ್ಟಿತ್ತು. ಟ್ಯಾಂಕುಗಳು ಕೆಸರಿನಲ್ಲಿ ಹುಗಿದವು. ಕಬ್ಬಿನ ಮರೆಯಿಂದ ಜೀಪಿನ ಮೇಲಿನ ತೋಪುಗಳು, ಸೆಂಚೂರಿಯನ್ ಟ್ಯಾಂಕುಗಳು ಹೊಡೆದವು. ಪರಮವೀರ ಚಕ್ರದ ಅಬ್ದುಲ್ ಹಮೀದ್ ಸತ್ತದ್ದು ಆ ಕಾಳಗದಲ್ಲೇ, ಸೆಪ್ಟೆಂಬರ್ 10ರಂದು. ನೂರರ ಹತ್ತಿರ ಟ್ಯಾಂಕುಗಳು ಹಾಳಾದವು, ಇಲ್ಲವೇ ಕೈಗೆ ಸಿಕ್ಕವು. ಅವನ್ನು ತಂದು ಸಾಲಾಗಿ ನಿಲ್ಲಿಸಿದ ಜಾಗಕ್ಕೆ ಪ್ಯಾಟನ್ ನಗರ ಅಂತಲೇ ಹೆಸರು ಬಿತ್ತು.

ಅಪ್ಪ ಎದ್ದು ಬಂದು ನಕ್ಷೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತರು. ನಮ್ಮ ಎರಿ ಹೊಲದ ಮೇಲೆ ಬೆರಳಿಟ್ಟು, 'ಇಲ್ಲೂ ಅಷ್ಟ. ಹಿಂಗಾರಿ ಮಳಿ ಆತಂದ್ರ ಎತ್ತಿನ ಗೊರಸಿಗೆ ಒಂದೊಂದು ಸೇರು ಮಣ್ಣು ಹತ್ತತೈತಿ. ಕಡ್ಲಿ ಕಿತ್ತ ಮ್ಯಾಲ, ಬ್ಯಾಸಗ್ಯಾಗ ಬಾ ಅನ್ನು. ಲಾರಿ ಸುದ್ದ ಹೊಕ್ಕೈತಿ. ಮಸಾರಿ ಹೊಲದಾಗ ಮಳಿ ಬಂದರೂ ಮರುದಿನ ಹೋಗಬಹುದು' ಅಂದರು.

ತಮ್ಮ ಪೆನ್ಸಿಲ್ ತೆಗೆದುಕೊಂಡ. ಎರಿ ಹೊಲಕ್ಕೆ ಎರಡು ಅಂಕಿ ಬರೆದ, ಮಳೆಗಾಲಕ್ಕೆ ಒಂದು, ಬೇಸಿಗೆಗೆ ಒಂದು. ಮಸಾರಿಗೆ ಬೇರೆ. ಕಾಲುವೆಯನ್ನು ಸೇತುವೆ ಇದ್ದಲ್ಲಿ ಮಾತ್ರ ದಾಟಬೇಕು ಅಂತ ಬರೆದ. ಅಪ್ಪ ಒಂದೊಂದು ಹೊಲದ ಗುಣ ಹೇಳುತ್ತಿದ್ದರು, ಅವನು ಬರೆಯುತ್ತಿದ್ದ. ಮಾತು ಮಾತ್ರ ಇನ್ನೂ ನನ್ನ ಮೂಲಕವೇ.

ಆಮೇಲೆ ನನ್ನ ಕಡಲೆ ಕಾಳುಗಳನ್ನು ಅಪ್ಪನಿಗೆ ಬಿಟ್ಟುಕೊಟ್ಟೆ. ಅಪ್ಪ ಒಂದು ಕಾಳನ್ನು ಒಂಟಿಯಾಗಿ ಕುಷ್ಟಗಿ ಕಡೆಯ ಮಸಾರಿಯಲ್ಲಿ, ಬಟಾಬಯಲಿನಲ್ಲಿ ಇಟ್ಟರು. ತಮ್ಮನ ಕಣ್ಣು ಹೊಳೆಯಿತು. ಹುಣಸೆ ಬೀಜ ಅದರ ಮೇಲೆ ಹಾಯ್ದು ಆಚೆ ಇಳಿಯಿತು, ಇನ್ನೂ ಎರಡು ಮನೆ ಮುಂದೆ ಹೋಯಿತು. ಅಪ್ಪ ಸತ್ತ ಕಾಳನ್ನು ಎತ್ತಿಕೊಂಡು ಕೇಳಿದರು, 'ಇದರಾಗ ಎಷ್ಟ ಮಂದಿ?'

ಯಾರೂ ಕೇಳದ ಪ್ರಶ್ನೆ. ತಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದ. 'ಒಂದ ಪ್ಲಟೂನ್. ಮೂವತ್ತ ಮಂದಿ ಇರತಾರ.'

ಅದನ್ನು ಅವನು ನನಗೆ ಹೇಳಲಿಲ್ಲ, ಅಪ್ಪನಿಗೇ ಹೇಳಿದ.

ಅಪ್ಪ ಕಾಳನ್ನು ಪಕ್ಕದ ಗುಪ್ಪೆಗೆ ಹಾಕದೆ ಅಂಗೈಯಲ್ಲೇ ಇಟ್ಟುಕೊಂಡರು. ಬಾಗಿಲಲ್ಲಿ ನಿಂತಿದ್ದ ಅವ್ವ ಒಳಗೆ ಹೋದಳು. ಭರ್ತಿಗೆ ಹೋಗುವುದು ಅವಳಿಗೆ ಮೊದಲಿನಿಂದಲೂ ಬೇಡವಾಗಿತ್ತು. ಓಟದ ದಿನ ಯಾವ ದೇವರಿಗೆ ಏನು ಬೇಡಿಕೊಂಡಳೋ, ನಾನು ಕೇಳಿಲ್ಲ.

ಅಪ್ಪನ ಸರದಿ. ಗುಡ್ಡದ ಮರೆಯಲ್ಲಿ ಇಟ್ಟಿದ್ದ ಕಾಳುಗಳನ್ನು ಒಂದೊಂದಾಗಿ ತಂದು ಹುಣಸೆ ಬೀಜದ ಸುತ್ತ ಇಟ್ಟರು. ಒಂದರ ಹಿಂದೆ ಇನ್ನೊಂದು, ಜೋಡಿ ಜೋಡಿಯಾಗಿ. ಜೊತೆಗೆ ಬರಬೇಕಿದ್ದ ತಮ್ಮನ ಕಾಲಾಳು ನಾಲ್ಕು ಮನೆ ಹಿಂದೆ ಉಳಿದಿತ್ತು. ಹಾಯಲು ಯಾವ ಕಡೆಯೂ ಖಾಲಿ ಇಲ್ಲ.

'ಯಪ್ಪಾ, ಇದು ಹುಲಿ-ಕುರಿ ಆತು! ಹಿಂಗ ಆಡಂಗಿಲ್ಲ' ಅಂದ ತಮ್ಮ.

'ಯಾಕ ಆಡಂಗಿಲ್ಲ? ಪುಸ್ತಕದಾಗ ಬ್ಯಾಡ ಅಂತ ಬರದೈತೇನ್ಲೇ?'

ಅಷ್ಟರಲ್ಲಿ ಕರೆಂಟು ಹೋಯಿತು. ಕತ್ತಲಲ್ಲಿ ಯಾರೂ ಏಳಲಿಲ್ಲ. ತಮ್ಮ ಮೊಬೈಲಿನ ಬ್ಯಾಟರಿ ಹಚ್ಚಿ ನಕ್ಷೆಯ ಮೇಲೆ ಹಿಡಿದ.