ಹೊಟ್ಟೆಯುಳ್ಳವರ ಪರವಾಗಿ ಒಂದು ವಕಾಲತ್ತು

ಕ್ರಿಕೆಟ್ಟಿನಲ್ಲಿ ಹೊಟ್ಟೆ ಬಂದವನಿಗೆ ಸ್ಲಿಪ್ ಎಂಬ ಆಶ್ರಯತಾಣವಿದೆ. ಮೊಣಕಾಲಿನ ಮೇಲೆ ಕೈಯೂರಿ ಬಗ್ಗಿ ನಿಂತು, ಓವರ್ ಮುಗಿದಾಗ ಈ ತುದಿಯಿಂದ ಆ ತುದಿಗೆ ನಡೆದುಕೊಂಡು ಹೋದರೆ ಅರ್ಧ ದಿನ ಕಳೆಯಿತು. ಬ್ಯಾಸ್ಕೆಟ್‌ಬಾಲಿನಲ್ಲಿ ಅಂಥ ಪುಣ್ಯಸ್ಥಳವೇ ಇಲ್ಲ. 94 ಅಡಿ ಉದ್ದದ ಮರದ ನೆಲ, ಹತ್ತು ಜನ, ತೋಳಿಲ್ಲದ ಅಂಗಿ. ಚೆಂಡು ಬುಟ್ಟಿಗೆ ಬಿದ್ದ ಮರುಕ್ಷಣ ಆಚೆ ತುದಿಗೆ ಓಡಬೇಕು. ಉಸಿರು ಬಿಡುವಷ್ಟರಲ್ಲಿ ಮತ್ತೆ ಈಚೆ ತುದಿಗೆ. ಅಮೆರಿಕದ ಎನ್‌ಬಿಎಯಲ್ಲಿ ಪಂದ್ಯವೊಂದಕ್ಕೆ 48 ನಿಮಿಷ, ವರ್ಷಕ್ಕೆ 82 ಪಂದ್ಯ. ಇಂಥ ಆಟದಲ್ಲೂ ಹೊಟ್ಟೆ ಹೊತ್ತುಕೊಂಡೇ ಉಳಿದ ಒಂಬತ್ತು ಜನರನ್ನು ಮೀರಿಸುವವರು ಆಗೊಬ್ಬ ಈಗೊಬ್ಬ ಹುಟ್ಟಿ ಬರುತ್ತಾರೆ. ನಾನು ಅವರ ಭಕ್ತ.

ಭಕ್ತಿಗೆ ಕಾರಣವೇನೆಂದು ನನ್ನನ್ನು ಕಣ್ಣಾರೆ ಕಂಡವರು ಕೇಳುವುದಿಲ್ಲ. ಕಾಲೇಜಿನಲ್ಲಿ ನಾನೂ ಬನಿಯನ್ನು ತೊಟ್ಟು ಬುಟ್ಟಿಯ ಕೆಳಗೆ ಜಿಗಿದವನೇ. ಆ ಜಿಗಿತ ಎಲ್ಲಿ ಹೋಯಿತೋ ಗೊತ್ತಿಲ್ಲ, ಹೋಗುವಾಗ ಹೇಳಿ ಹೋಗಲಿಲ್ಲ. ಈಗ ವೈದ್ಯರು ಬೆಳಗಿನ ಜಾವ ನಡೆಯಲು ಹೇಳಿದ್ದಾರೆ. ಅಮೆರಿಕದ ರಾತ್ರಿಯ ಪಂದ್ಯಗಳು ನಮ್ಮ ಟೀವಿಗೆ ಬರುವುದೂ ಸರಿಯಾಗಿ ಅದೇ ಹೊತ್ತಿಗೆ. ಎರಡೂ ಒಂದೇ ಸಮಯಕ್ಕೆ ಬಿದ್ದಿರುವುದು ಭೂಗೋಳದ ಏರ್ಪಾಡು. ನನ್ನ ಕೈಯಲ್ಲೇನಿದೆ?

2025ರ ಫೆಬ್ರವರಿ 2, ಭಾನುವಾರ. ಅಮೆರಿಕದಲ್ಲಿ ನಡುರಾತ್ರಿ, ನಮ್ಮಲ್ಲಿ ಎರಡನೆಯ ದೋಸೆಯ ಹೊತ್ತು. ಡಲ್ಲಾಸ್ ಮಾವೆರಿಕ್ಸ್ ತಂಡ ತನ್ನ ಲೂಕಾ ಡಾನ್ಚಿಚ್‌ನನ್ನು ಲಾಸ್ ಏಂಜಲೀಸ್ ಲೇಕರ್ಸ್‌ಗೆ ಕೊಟ್ಟುಬಿಟ್ಟಿದೆ ಎಂಬ ಸುದ್ದಿ ಬಂತು. ಹಿಂದಿನ ವರ್ಷವಷ್ಟೇ ತಂಡವನ್ನು ಫೈನಲ್‌ವರೆಗೆ ಎಳೆದುಕೊಂಡು ಹೋದ ಹುಡುಗ! ನಾನು ತುತ್ತು ಕೈಯಲ್ಲಿ ಹಿಡಿದು ಹಾಗೇ ಕೂತಿದ್ದೆ.

‘ಯಾರು ಹೋದರು?’ ಹೆಂಡತಿ ಗಾಬರಿಯಿಂದ ಕೇಳಿದಳು.

‘ಲೂಕಾ.’

‘ಎಷ್ಟು ವಯಸ್ಸು?’

‘ಇಪ್ಪತ್ತೈದು.’

‘ಅಯ್ಯೋ ಪಾಪ, ಏನಾಗಿತ್ತಂತೆ?’

‘ಸ್ವಲ್ಪ ದಪ್ಪ ಆಗಿದ್ದನಂತೆ.’

ಅವಳು ಕಾವಲಿಯ ಮೇಲಿದ್ದ ಮೂರನೆಯ ದೋಸೆಯನ್ನು ಮಗನ ತಟ್ಟೆಗೆ ಹಾಕಿದಳು.

ತಂಡದ ಮ್ಯಾನೇಜರ್ ನಿಕೋ ಹ್ಯಾರಿಸನ್ ಕೊಟ್ಟ ಕಾರಣ, ರಕ್ಷಣೆಯ ಆಟದಿಂದಲೇ ಪ್ರಶಸ್ತಿ ಗೆಲ್ಲುವುದು ಎಂದು. ಅದರ ಹಿಂದೆ ಲೂಕಾನ ತೂಕ, ಮೈ ನೋಡಿಕೊಳ್ಳದ ಅಭ್ಯಾಸಗಳ ಬಗ್ಗೆ ತಂಡಕ್ಕಿದ್ದ ಅಸಮಾಧಾನವನ್ನು ಪತ್ರಿಕೆಗಳೆಲ್ಲ ಬರೆದವು. ಬದಲಿಗೆ ಮುಖ್ಯವಾಗಿ ಪಡೆದದ್ದು ಆಂಟನಿ ಡೇವಿಸ್ ಎಂಬ ಕಟ್ಟುಮಸ್ತು ಆಟಗಾರನನ್ನು. ಕಟ್ಟುಮಸ್ತು ಡೇವಿಸ್ ಹೊಸ ತಂಡದ ಮೊದಲ ಪಂದ್ಯದಲ್ಲೇ ಗಾಯ ಮಾಡಿಕೊಂಡು ವಾರಗಟ್ಟಲೆ ಕೂತ. ವಿಧಿಗೂ ಹಾಸ್ಯಪ್ರಜ್ಞೆ ಇದೆ.

ಹಾಗೆಂದು ತಂಡದವರ ವಾದವನ್ನು ತಳ್ಳಿಹಾಕುವಂತಿಲ್ಲ. ಮೈಭಾರದ ಲೆಕ್ಕವನ್ನು ಮೊದಲು ಬರೆದಿಡುವುದು ಮೊಣಕಾಲು. ಮೂರು ಕ್ವಾರ್ಟರ್ ಮೆರೆದವನು ನಾಲ್ಕನೆಯದರಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತರೆ, ಎದುರಾಳಿ ಪಕ್ಕದಿಂದ ನುಸುಳಿ ಹೋಗುತ್ತಾನೆ. ಯಕ್ಷಗಾನದಲ್ಲಿ ಕುಣಿತ ಕೈಲಾಗದ ಕಲಾವಿದನಿಗೆ ತಾಳಮದ್ದಳೆ ಇದೆ. ವೇಷ ಬೇಡ, ಗೆಜ್ಜೆ ಬೇಡ. ಕೂತಲ್ಲಿಂದಲೇ ಕರ್ಣನಾಗಬಹುದು, ಕೌರವನಾಗಬಹುದು. ಬ್ಯಾಸ್ಕೆಟ್‌ಬಾಲಿಗೆ ತಾಳಮದ್ದಳೆ ಇಲ್ಲ.

ಶಾನ್ ಕೆಂಪ್‌ನನ್ನು ನೆನೆದರೆ ಈಗಲೂ ಹೊಟ್ಟೆಯೊಳಗೆ ಸಂಕಟವಾಗುತ್ತದೆ. ಸಿಯಾಟಲ್ ತಂಡದಲ್ಲಿ ಅವನು ಹಾರಿ ಚೆಂಡನ್ನು ಬುಟ್ಟಿಗೆ ತುರುಕುವಾಗ ನೆಲಕ್ಕೂ ಅವನಿಗೂ ಸಂಬಂಧವೇ ಇಲ್ಲವೆನಿಸುತ್ತಿತ್ತು. 1996ರಲ್ಲಿ ಮೈಕೆಲ್ ಜೋರ್ಡಾನ್‌ನ ಶಿಕಾಗೊ ಎದುರು ಫೈನಲ್ ಆಡಿದ. ಮರುವರ್ಷ ಕ್ಲೀವ್‌ಲ್ಯಾಂಡ್ ಸೇರಿದ. 1998ರಲ್ಲಿ ಮಾಲೀಕರಿಗೂ ಆಟಗಾರರಿಗೂ ಹಣದ ಜಗಳವಾಗಿ ಲೀಗ್‌ಗೆ ಬೀಗ ಬಿತ್ತು. ಬೀಗ ತೆಗೆದಾಗ ಒಳಬಂದ ಕೆಂಪ್‌ನನ್ನು ಕಂಡು ತಂಡದವರು ಬೆಚ್ಚಿದರು. ಆಶ್ಚರ್ಯವೆಂದರೆ, ಆ ಮೈ ಹೊತ್ತುಕೊಂಡೇ ಆ ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ 20ಕ್ಕೂ ಹೆಚ್ಚು ಅಂಕ ಗಳಿಸಿದ. ಅವನ ಬದುಕಿನಲ್ಲೇ ಅದು ಅತಿ ಹೆಚ್ಚು. ಅಂಕ ಬರುತ್ತಿದ್ದಾಗ ತಕ್ಕಡಿಯ ಮಾತು ಯಾರ ಕಿವಿಗೂ ಹೋಗುವುದಿಲ್ಲ. ಆಮೇಲೆ ಅಂಕವೂ ಇಳಿಯಿತು. 2003ಕ್ಕೆ ಎನ್‌ಬಿಎ ಬಾಗಿಲು ಮುಚ್ಚಿತು, ಆಗ ಅವನಿಗೆ ಮೂವತ್ತಮೂರು.

ಚಾರ್ಲ್ಸ್ ಬಾರ್ಕ್ಲಿಯ ಕಥೆ ಬೇರೆ. ಕಾಲೇಜಿನಲ್ಲೇ ಸುಮಾರು 300 ಪೌಂಡ್, ಅಂದರೆ 136 ಕೆಜಿ ತೂಗುತ್ತಿದ್ದವರು. 1984ರಲ್ಲಿ ಫಿಲಡೆಲ್ಫಿಯ ತಂಡದವರು ತೂಕ ಇಳಿಸಿಕೊಂಡು ಬಾ ಎಂದರಂತೆ. ಇವರು ಇಳಿಸಿದರು ಕೂಡ. ಅಷ್ಟರಲ್ಲಿ ಅಲ್ಲಿ ಸಂಬಳ ತೀರಾ ಕಡಿಮೆಯೆಂದು ತಿಳಿಯಿತು. ತನ್ನನ್ನು ಆರಿಸದಿರಲಿ ಎಂದು ಎರಡೇ ದಿನ ಕೂತು ತಿಂದು ಇಳಿಸಿದ್ದನ್ನೆಲ್ಲ ಮರಳಿ ಪಡೆದೆ ಎಂದು ಅವರೇ ಹೇಳಿಕೊಂಡು ನಗುತ್ತಾರೆ. ತಂಡ ಆದರೂ ಆರಿಸಿತು. ಅಲ್ಲಿ ಮೋಸಸ್ ಮಲೋನ್ ಎಂಬ ಹಿರಿಯ ಆಟಗಾರರಿದ್ದರು. ನನಗೇಕೆ ಆಡಲು ಅವಕಾಶ ಸಿಗುತ್ತಿಲ್ಲ ಎಂದು ಕೇಳಿದ ಬಾರ್ಕ್ಲಿಗೆ, ನೀನು ದಪ್ಪ, ಜೊತೆಗೆ ಸೋಮಾರಿ ಎಂದು ಮುಖಕ್ಕೇ ಹೇಳಿದರು. ಹೇಳಿ ಎದ್ದು ಹೋಗಲಿಲ್ಲ. ಮೊದಲು ಹತ್ತು ಪೌಂಡ್ ಇಳಿಸು ಎಂದರು. ಇಳಿಸಿದ ಮೇಲೆ, ಇನ್ನು ಹತ್ತು. ಜೊತೆಯಲ್ಲೇ ಬೆವರು ಸುರಿಸಿದರು. ಹೆಚ್ಚೆಂದರೆ ಆರೂವರೆ ಅಡಿಯ ಆ ಮನುಷ್ಯ 1986–87ರಲ್ಲಿ ಏಳಡಿಯ ಭೀಮರನ್ನೆಲ್ಲ ದಾಟಿ ರೀಬೌಂಡ್‌ಗಳಲ್ಲಿ, ಅಂದರೆ ಗುರಿ ತಪ್ಪಿ ಮರಳುವ ಚೆಂಡು ಹಿಡಿಯುವುದರಲ್ಲಿ, ಲೀಗ್‌ಗೇ ಮೊದಲಿಗನಾದ. 1993ರಲ್ಲಿ ಅತ್ಯುತ್ತಮ ಆಟಗಾರನೆಂಬ ಗೌರವವೂ ಬಂತು. ನಿವೃತ್ತಿಯ ನಂತರ ಟೀವಿಯ ಮೇಜಿನ ಹಿಂದೆ ಕೂತು ಎಳೆಯರ ಆಟವನ್ನು ಜಾಲಾಡತೊಡಗಿದರು. ಕೆಲವು ವರ್ಷಗಳ ಮೇಲೆ ಮೈಭಾರದ ಮಾತು ಸಾಕಷ್ಟು ಕೇಳಿಸಿಕೊಂಡಿದ್ದ ಶಕೀಲ್ ಓನೀಲ್ ಕೂಡ ಪಕ್ಕದ ಕುರ್ಚಿಗೆ ಬಂದರು. ಹುಡುಕಿದರೆ ಬ್ಯಾಸ್ಕೆಟ್‌ಬಾಲಿಗೂ ಒಂದು ತಾಳಮದ್ದಳೆ ಸಿಗುತ್ತದೆ.

ಆದರೆ ನನ್ನ ಇಷ್ಟದೈವ ಬೋರಿಸ್ ಡಿಯಾವ್. ಫ್ರಾನ್ಸಿನವನು, ಎಸ್ಪ್ರೆಸೊ ಕಾಫಿಯ ಯಂತ್ರ ಜೊತೆಯಲ್ಲಿಟ್ಟುಕೊಳ್ಳುವಷ್ಟು ರಸಿಕ. ಅವಸರವೆಂಬುದು ಅವನ ಜಾತಕದಲ್ಲೇ ಇರಲಿಲ್ಲ. 2006ರಲ್ಲಿ ಫೀನಿಕ್ಸ್ ತಂಡದಲ್ಲಿದ್ದಾಗ ಅತಿ ಹೆಚ್ಚು ಸುಧಾರಿಸಿದ ಆಟಗಾರನೆಂಬ ಪ್ರಶಸ್ತಿ ಪಡೆದವನು, ಷಾರ್ಲಟ್ ತಂಡಕ್ಕೆ ಹೋಗಿ ಮೈ ಬಿಟ್ಟ. 2012ರ ಮಾರ್ಚಿನಲ್ಲಿ ಷಾರ್ಲಟ್ ಅವನನ್ನು ಕೈಬಿಟ್ಟಿತು. ಆ ವರ್ಷ 66 ಪಂದ್ಯಗಳಲ್ಲಿ 7 ಗೆದ್ದು 59 ಸೋತು, ಗೆಲುವಿನ ಪ್ರಮಾಣದಲ್ಲಿ ಎನ್‌ಬಿಎ ಚರಿತ್ರೆಯಲ್ಲೇ ಕೊನೆಯ ಸ್ಥಾನ ಪಡೆದ ತಂಡಕ್ಕೆ ಡಿಯಾವ್ ಭಾರವಾಗಿ ಕಂಡ! ಕೂಡಲೇ ಸ್ಯಾನ್ ಆಂಟೋನಿಯೊ ಸ್ಪರ್ಸ್ ಅವನನ್ನು ಕರೆದುಕೊಂಡಿತು. ಅಲ್ಲಿ ಹಳೆಯ ಗೆಳೆಯ ಟೋನಿ ಪಾರ್ಕರ್ ಇದ್ದ. ಯಾರ ಮುಖಕ್ಕೂ ಹೆದರದ ಕೋಚ್ ಗ್ರೆಗ್ ಪೊಪೊವಿಚ್ ಇದ್ದರು. 2014ರ ಫೈನಲ್‌ನಲ್ಲಿ ಮಯಾಮಿ ವಿರುದ್ಧ ಮೂರನೆಯ ಪಂದ್ಯಕ್ಕೆ ಡಿಯಾವ್‌ನನ್ನು ಮೊದಲ ಐವರಲ್ಲಿ ಇಳಿಸಿದರು. ಚೆಂಡು ಅವನ ಕೈಗೆ ಬಂದು, ಒಂದು ಕ್ಷಣ ಯೋಚಿಸಿ, ಕಾವಲಿಲ್ಲದೆ ನಿಂತವನನ್ನು ಹುಡುಕಿಕೊಂಡು ಹೋಗುತ್ತಿತ್ತು. ಆ ಪಂದ್ಯದ ಮೊದಲರ್ಧದಲ್ಲಿ ಸ್ಪರ್ಸ್ ಎಸೆದ ಚೆಂಡುಗಳಲ್ಲಿ ಶೇ. 75.8ರಷ್ಟು ಬುಟ್ಟಿಗೆ ಬಿದ್ದವು. ಫೈನಲ್‌ಗಳಲ್ಲಿ ಅದು ದಾಖಲೆ. ಸ್ಪರ್ಸ್ 4–1ರಿಂದ ಗೆದ್ದರು. ಬಾರ್ಕ್ಲಿಗೂ ಕೆಂಪ್‌ಗೂ ಕೊನೆಯವರೆಗೆ ದಕ್ಕದ ಪ್ರಶಸ್ತಿ, ಆರಾಮಾಗಿ ನಡೆದು ಬಂದ ಡಿಯಾವ್‌ಗೆ ದಕ್ಕಿತು.

ಗೆದ್ದ ಮೇಲೂ ಸ್ಪರ್ಸ್ ಮೈಮರೆಯಲಿಲ್ಲ. ಹೊಸ ಕರಾರಿನಲ್ಲಿ, ತೂಕ ಮಿತಿಯೊಳಗಿದ್ದರೆ ವರ್ಷಕ್ಕೆ 5 ಲಕ್ಷ ಡಾಲರ್ ಹೆಚ್ಚುವರಿ ಎಂದು ಸೇರಿಸಿದರೆಂದು ಅಲ್ಲಿನ ಪತ್ರಿಕೆಗಳು ಬರೆದವು. ನ್ಯೂ ಆರ್ಲಿಯನ್ಸ್‌ನವರು ಇನ್ನೂ ಮುಂದೆ ಹೋದರು. 2022ರಲ್ಲಿ ಜಯಾನ್ ವಿಲಿಯಮ್ಸನ್ ಜೊತೆಗಿನ ಕರಾರಿನಲ್ಲಿ ಅವನ ತೂಕದ ಪೌಂಡುಗಳನ್ನೂ ಮೈಕೊಬ್ಬಿನ ಶೇಕಡಾವಾರನ್ನೂ ಕೂಡಿಸಿದರೆ 295ರ ಒಳಗಿರಬೇಕು ಎಂಬ ಷರತ್ತಿದೆಯಂತೆ. ಪೌಂಡಿಗೆ ಶೇಕಡ ಕೂಡಿಸುವ ಈ ಲೆಕ್ಕ ಕಂಡಿದ್ದರೆ ನಮ್ಮ ಗಣಿತದ ಮೇಷ್ಟ್ರು ಇಡೀ ತಂಡವನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

ಡಿಯಾವ್ ಆಡುವುದನ್ನು ನೋಡುವಾಗ ನನ್ನೊಳಗೆ ಏನೋ ಕದಲುತ್ತಿತ್ತು. ಹಾರುವವರನ್ನು ನೋಡಿದರೆ ಮೆಚ್ಚುಗೆ, ಅಷ್ಟೇ. ಅವರು ಬೇರೆ ಲೋಕದವರು. ಏದುಸಿರು ಬಿಡುತ್ತಾ, ಎಲ್ಲರಿಗಿಂತ ಎರಡು ಹೆಜ್ಜೆ ಹಿಂದೆ ಬಂದು, ಎಲ್ಲರಿಗಿಂತ ಮೊದಲು ದಾರಿ ಕಂಡುಕೊಳ್ಳುವವನು ನಮ್ಮವನು. ಕಾಲು ಕೊಟ್ಟ ಸಾಲವನ್ನು ವಯಸ್ಸು ವಸೂಲಿ ಮಾಡಿಕೊಂಡು ಹೋದ ಮೇಲೂ ಕಣ್ಣು, ಕೈ ಉಳಿದಿರುತ್ತವೆ ಎಂಬ ಆಸೆಯನ್ನು ಅವನು ನಮ್ಮಂಥವರಿಗೆ ಕೊಡುತ್ತಾನೆ. ಆಸೆ ಸುಳ್ಳಿರಬಹುದು. ಮೊನ್ನೆ ಕಸದ ಬುಟ್ಟಿಗೆ ದೂರದಿಂದ ಕಾಗದದ ಉಂಡೆ ಎಸೆದೆ, ಅದು ಸೋಫಾದ ಕೆಳಗೆ ಹೋಯಿತು.

ಲೂಕಾ ಏನಾದ? 2025ರ ಏಪ್ರಿಲ್‌ನಲ್ಲಿ ಲೇಕರ್ಸ್ ಅಂಗಿ ತೊಟ್ಟು ಡಲ್ಲಾಸ್‌ಗೆ ಬಂದ. ಹಳೆಯ ಅಭಿಮಾನಿಗಳು ತೋರಿದ ಪ್ರೀತಿಗೆ ಕಣ್ಣೀರು ಹಾಕಿದ. ಕಣ್ಣೊರೆಸಿಕೊಂಡು 45 ಅಂಕ ಹೊಡೆದ. ಆ ಬೇಸಿಗೆಯಲ್ಲಿ ತೂಕವನ್ನೂ ಇಳಿಸಿ ಪತ್ರಿಕೆಯ ಮುಖಪುಟಕ್ಕೆ ಬಂದ. ನವೆಂಬರ್‌ನಲ್ಲಿ ಡಲ್ಲಾಸ್ ತಂಡ ಹ್ಯಾರಿಸನ್‌ನನ್ನು ಕೆಲಸದಿಂದ ತೆಗೆಯಿತು.

ಇಷ್ಟೆಲ್ಲ ನೋಡಿದ ಮೇಲೆ ನನ್ನ ತೀರ್ಪು ಇದು. ಷಾರ್ಲಟ್ಟಿನಲ್ಲಿದ್ದವನೂ ಸ್ಯಾನ್ ಆಂಟೋನಿಯೊದಲ್ಲಿದ್ದವನೂ ಒಬ್ಬನೇ ಡಿಯಾವ್, ಬದಲಾದದ್ದು ಮನೆ. ಆದ್ದರಿಂದ ಆಟಗಾರನನ್ನು ತೂಗುವ ಮೊದಲು, ಅವನಿಗೆ ನಿಜ ಹೇಳಿ ಜೊತೆಗೆ ಓಡಬಲ್ಲ ಒಬ್ಬ ಮಲೋನ್ ನಿಮ್ಮ ತಂಡದಲ್ಲಿದ್ದಾನೆಯೇ ನೋಡಿಕೊಳ್ಳಿ. ಇದ್ದರೆ ಇಟ್ಟುಕೊಳ್ಳಿ. ಒಂದೆರಡು ವರ್ಷ ಹೇಳಿಯೂ ಕೇಳದಿದ್ದರೆ ಆಮೇಲೆ ಮಾರಿದರಾಯಿತು, ಕೊಳ್ಳಲು ಲೇಕರ್ಸ್ ಯಾವಾಗಲೂ ತಯಾರಿರುತ್ತದೆ.