ಪಕ್ಕೆಲುಬು ಎಣಿಸುವವರು

ಕುದುರೆ ಸಾಕುವುದರಲ್ಲಿ ಸವಾರಿಗಿಂತ ದೊಡ್ಡ ರುಚಿ ಇರುವುದು ನೋಡುವುದರಲ್ಲಿ. ಬೆಳಿಗ್ಗೆ ಲಾಯದ ಬಾಗಿಲು ತೆಗೆದರೆ ಕಣ್ಣು ಮೊದಲು ಹೋಗುವುದು ಲದ್ದಿಯ ಕಡೆಗೆ: ಉಂಡೆ ಕಟ್ಟಿದೆಯೇ, ಒಡೆದರೆ ಒಳಗೆ ಅರೆಯದ ಹುರುಳಿ ಹಾಗೇ ಇದೆಯೇ? ಆಮೇಲೆ ಪಕ್ಕೆಗೆ ಕಿವಿ ಒತ್ತಿ ಕರುಳಿನ ಗುಡುಗುಡು ಕೇಳಬೇಕು. ಸದ್ದಡಗಿದ ಹೊಟ್ಟೆಯೆಂದರೆ ದಿಗಿಲು. ಏಕೆಂದರೆ ವಾಂತಿ ಮಾಡಿ ಹಗುರಾಗುವ ಭಾಗ್ಯ ಈ ಪ್ರಾಣಿಗಿಲ್ಲ. ಗೊರಸಿನ ಮೇಲೆ ಅಂಗೈ ಇಟ್ಟು ಬಿಸಿ ನೋಡುವುದು, ಗಿಣ್ಣಿನ ಹಿಂದೆ ಬೆರಳೂರಿ ನಾಡಿ ಹುಡುಕುವುದು, ಇವೆಲ್ಲ ಆದಮೇಲೆ ನಿಲುವಿನ ಪಾಠ. ಹಿಂಗಾಲೊಂದನ್ನು ಗೊರಸಿನ ತುದಿಯ ಮೇಲೆ ಸಡಿಲಬಿಟ್ಟು ನಿಂತಿದ್ದರೆ ಅದು ವಿಶ್ರಾಂತಿ. ಮುಂಗಾಲನ್ನು ಮುಂದಕ್ಕೆ ಚಾಚಿ ಭಾರ ತಪ್ಪಿಸುತ್ತಿದ್ದರೆ ಅಲ್ಲಿ ನೋವಿದೆ. ಕುದುರೆ ಕಂಡರೆ ಕಾಲುನೋವು ಎಂದು ಹಿರಿಯರು ಸೋಮಾರಿಗಳನ್ನು ಗೇಲಿ ಮಾಡುತ್ತಿದ್ದರು. ಈಗ ಕುದುರೆ ಕಂಡರೆ ಬೆರಳು ತುರಿಸುತ್ತದೆ. ದಾರಿಹೋಕರೊಬ್ಬರು ಮೊಬೈಲಿನಲ್ಲಿ ಒಂದು ಪಟ ತೆಗೆದು ಹಾಕುತ್ತಾರೆ, ಸಂಜೆಯೊಳಗೆ ಆ ಕುದುರೆಯ ಒಡೆಯ ಊರಿಗೆಲ್ಲ ಕಟುಕ. ಕಿವಿ, ಮೂಗು, ಅಂಗೈ ಎಲ್ಲ ಸೇರಿ ಮಾಡಬೇಕಾದ ಕೆಲಸವನ್ನು ಪಟ ಒಂದೇ ಮಾಡಿಬಿಡುತ್ತದೆಂಬ ಈ ನಂಬಿಕೆಯ ಮೇಲೆ ನನ್ನ ತಕರಾರು.

ಪಕ್ಕೆಲುಬಿನಿಂದಲೇ ಶುರು ಮಾಡೋಣ, ಪಟ ನೋಡಿದವರು ಮೊದಲು ಎಣಿಸುವುದು ಅವನ್ನೇ. ಕುದುರೆಯ ಮೈಕಟ್ಟನ್ನು ಅಳೆಯಲು 1983ರಲ್ಲಿ ಅಮೆರಿಕದ ಹೆನ್ನೆಕಿ ರೂಪಿಸಿದ ಒಂದರಿಂದ ಒಂಬತ್ತು ಅಂಕಗಳ ಪಟ್ಟಿ ಇಂದಿಗೂ ಬಳಕೆಯಲ್ಲಿದೆ. ಕತ್ತು, ಹೆಗಲು, ಬೆನ್ನು, ಪಕ್ಕೆ, ಬಾಲದ ಬುಡ ಹೀಗೆ ಒಂದೊಂದು ಕಡೆಯೂ ಕೊಬ್ಬನ್ನು ಕಣ್ಣಿನಿಂದ ನೋಡಿ, ಕೈಯಿಂದ ಮುಟ್ಟಿ ಅಂಕ ಕೊಡಬೇಕು. ದಟ್ಟ ಕೂದಲಿನ ಕೆಳಗೆ ಒಣಕಲು ಮೈ ಅಡಗಿರಬಹುದು, ಓಟಕ್ಕೆ ತಯಾರಾದ ಥರೋಬ್ರೆಡ್‌ನ ಪಕ್ಕೆಲುಬು ನವಿರಾಗಿ ಕಂಡರೂ ಅದು ಆರೋಗ್ಯವಾಗಿರಬಹುದು. ಅಂಕ ನಿಜವಾಗಿಯೂ ಕಡಿಮೆಯೇ ಬಂತೆನ್ನಿ, ಆಗಲೂ ಕಾರಣ ತಿಳಿದಂತಾಗಲಿಲ್ಲ. ಕುದುರೆಯ ಹಲ್ಲು ಸವೆದಷ್ಟೂ ವಸಡಿನಿಂದ ಮೇಲೇರುತ್ತಿರುತ್ತದೆ. ಇಪ್ಪತ್ತೈದರ ಆಸುಪಾಸಿನಲ್ಲಿ ಆ ದಾಸ್ತಾನು ಮುಗಿಯುತ್ತ ಬರುತ್ತದೆ. ಆಮೇಲೆ ಒಣಹುಲ್ಲು ಅಗಿಯಲಾರದೆ ಉಂಡೆ ಮಾಡಿ ಉಗುಳುವ ಮುದಿ ಕುದುರೆಗೆ ದಿನಕ್ಕೆ ನಾಲ್ಕು ಸಲ ನೆನೆಸಿದ ಮೇವು ತಿನ್ನಿಸುವವರಿದ್ದಾರೆ. ಅಷ್ಟು ಮಾಡಿದರೂ ಅದರ ಬೆನ್ನು ತಗ್ಗಾಗಿಯೇ ಕಾಣುತ್ತದೆ. ಹಸಿದು ಸತ್ತಂತಾದ ಕುದುರೆಯನ್ನು ಬಿಡಿಸಿ ತಂದವರ ಪಾಡು ಇನ್ನೂ ವಿಚಿತ್ರ. ಮರುಕದಿಂದ ಒಮ್ಮೆಗೇ ಹೊಟ್ಟೆ ತುಂಬ ಧಾನ್ಯ ಕೊಟ್ಟರೆ ರಕ್ತದಲ್ಲಿನ ರಂಜಕದಂಥ ಲವಣಗಳು ಕುಸಿದು, ಹೃದಯ ಸೋತು, ಅದು ಸತ್ತೇಹೋಗಬಹುದು. ಅದಕ್ಕೇ ಮೊದಲ ದಿನಗಳಲ್ಲಿ ಕುದುರೆ ಮಸಾಲೆ ಸೊಪ್ಪಿನ ಒಣಮೇವನ್ನು ಚೂರುಚೂರೇ, ಹಲವು ಹೊತ್ತು ಕೊಡುತ್ತಾರೆ. ಮೈ ತುಂಬಿಕೊಳ್ಳಲು ತಿಂಗಳುಗಟ್ಟಲೆ ಬೇಕು. ಆ ತಿಂಗಳುಗಳಲ್ಲಿ ಯಾರು ಪಟ ತೆಗೆದರೂ ಬೈಗುಳ ಬೀಳುವುದು ಹಸಿವಿಗೆ ಕೆಡವಿದವನಿಗಲ್ಲ, ಕಾಪಾಡಿದವನಿಗೆ.

ತಪ್ಪು ಒಂದೇ ದಿಕ್ಕಿನದಾಗಿದ್ದರೆ ಅತಿಮರುಕವೆಂದು ಸಹಿಸಬಹುದಿತ್ತು. ಈ ಕಣ್ಣು ನಿರಪರಾಧಿಯನ್ನು ಹಿಡಿಯುವಷ್ಟೇ ಸರಾಗವಾಗಿ ಅಪರಾಧಿಯನ್ನು ಬಿಟ್ಟೂ ಬಿಡುತ್ತದೆ. ಮಿರಿಮಿರಿ ಮಿಂಚುವ, ಕತ್ತಿನ ಮೇಲೆ ಕೊಬ್ಬಿನ ದಿಂಡು ಕಟ್ಟಿದ, ಹಸುರು ಹುಲ್ಲಿನಲ್ಲಿ ಮುಳುಗಿ ಮೇಯುತ್ತಿರುವ ಕುದುರೆಯ ಪಟಕ್ಕೆ ಬರುವುದು ಬರೀ ಹೃದಯದ ಚಿಹ್ನೆಗಳು. ಅದಕ್ಕೆ ಯಾರೋ ಬೆಲ್ಲದಚ್ಚು ತಿನ್ನಿಸುತ್ತಿದ್ದರಂತೂ ಮೆಚ್ಚುಗೆಯ ಮಹಾಪೂರ. ಸಕ್ಕರೆಯಂಶ ಹೆಚ್ಚಿದ ಹುಲ್ಲು, ಬೊಜ್ಜು ಮೈ ಎರಡೂ ಕೂಡಿದರೆ ಬರುವ ಕಾಯಿಲೆಗೆ ಲ್ಯಾಮಿನೈಟಿಸ್ ಎನ್ನುತ್ತಾರೆ. ಗೊರಸನ್ನೂ ಒಳಗಿನ ಮೂಳೆಯನ್ನೂ ಬೆಸೆದಿರುವ ಪದರ ಉರಿದು, ಬಿಗಿ ಕಳೆದುಕೊಂಡು, ಕೊನೆಗೆ ಮೂಳೆಯೇ ಕೆಳಕ್ಕೆ ಜಾರುತ್ತದೆ. ಕುದುರೆ ಹೆಜ್ಜೆಯೂರಲಾರದೆ ನರಳುತ್ತದೆ. ಇದನ್ನು ತಪ್ಪಿಸಲೆಂದು ಒಕ್ಕಣೆಯ ಎತ್ತಿಗೆ ಹಾಕುವಂತೆ ಮೇಯುವ ಕುದುರೆಯ ಬಾಯಿಗೂ ಕುಕ್ಕೆ ಕಟ್ಟುತ್ತಾರೆ. ಕುಕ್ಕೆಯ ತಳದ ಕಿಂಡಿಯಲ್ಲಿ ಸ್ವಲ್ಪಸ್ವಲ್ಪವೇ ಹುಲ್ಲು ಸಿಗುತ್ತದೆ, ನೀರೂ ಕುಡಿಯಬಹುದು. ಪಟದಲ್ಲಿ ಮಾತ್ರ ಅದು ಬಾಯಿ ಕಟ್ಟಿಸಿಕೊಂಡ ಬಡಪಾಯಿ. ನೊಣ ಕೂರದಂತೆ ತೊಡಿಸಿದ ಜಾಲರಿಯ ಮುಸುಕು ಕುರುಡುಪಟ್ಟಿಯಾಗುತ್ತದೆ. ಜಟಕಾ ಕುದುರೆಯ ಮೂತಿಗೆ ಕಟ್ಟಿದ ಹುರುಳಿಯ ಚೀಲ ಉಸಿರುಗಟ್ಟಿಸುವ ಸಾಧನವಾಗುತ್ತದೆ, ಅದು ಊಟ ಮಾಡುತ್ತಿರುವಾಗಲೇ! ಬಿಸಿಲಿಗೆ ಮೈಯೊಡ್ಡಿ ಮಲಗಿದ ಕುದುರೆಯೂ ಸತ್ತ ಕುದುರೆಯೆಂದು ಸುದ್ದಿಯಾಗುತ್ತದೆ. ನಿಂತೇ ತೂಕಡಿಸಬಲ್ಲ ಪ್ರಾಣಿಯಾದರೂ ಗಾಢ ನಿದ್ದೆಗೆ ಅದೂ ನೆಲ ಹಿಡಿಯಬೇಕು.

ಇದಕ್ಕೆ ಬರುವ ಉತ್ತರ ಹಗುರಾದದ್ದಲ್ಲ. ಕ್ರೌರ್ಯ ಸುಳ್ಳೇ ಎಂದು ಕೇಳುತ್ತಾರೆ. ಸುಳ್ಳಲ್ಲ. ಹುಣ್ಣಾದ ಹೆಗಲ ಮೇಲೇ ನೊಗ ಏರಿಸುವವರಿದ್ದಾರೆ, ಮದುವೆ ಮೆರವಣಿಗೆಯ ಪಟಾಕಿಗಳ ನಡುವೆ ಬೆವೆತು ನಡುಗುವ ಕುದುರೆಗಳಿವೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಮೊದಲ ಅಪರಾಧಕ್ಕೆ ದಂಡ 10ರಿಂದ 50 ರೂಪಾಯಿ. ಇಂಥ ಕಾನೂನನ್ನು ನೆಚ್ಚಿಕೊಳ್ಳುವುದಕ್ಕಿಂತ ಹತ್ತು ಜನರೆದುರು ಮಾನ ಕಳೆಯುವುದೇ ಮೇಲು ಎಂದು ಯಾರಿಗಾದರೂ ಅನ್ನಿಸಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಇಲ್ಲೊಂದು ಗೆರೆ ಎಳೆಯಬೇಕು. ಕೃತ್ಯ ಬೇರೆ, ಸ್ಥಿತಿ ಬೇರೆ. ಹೊಡೆಯುವ ಕೈ ಕಣ್ಣಿಗೆ ಕಂಡರೆ ಅದು ಕೃತ್ಯ, ಅದಕ್ಕೆ ಹೆಚ್ಚಿನ ವ್ಯಾಖ್ಯಾನ ಬೇಡ. ಸೊರಗಿದ ಮೈ, ಕುಂಟುವ ಕಾಲು, ಕೆಸರಿನ ಅಂಗಳ ಸ್ಥಿತಿಗಳು. ಇವಕ್ಕೆ ಹಿಂದಿನ ಕಥೆಯೊಂದು ಇದ್ದೇ ಇರುತ್ತದೆ, ಪಟದಲ್ಲಿ ಇಲ್ಲದಿರುವುದು ಆ ಕಥೆಯೇ.

2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನ ಮಾಡರ್ನ್ ಪೆಂಟಾಥ್ಲಾನ್ ಸ್ಪರ್ಧೆಯಲ್ಲಿ ಇವೆರಡೂ ಒಂದೇ ಅಂಗಳದಲ್ಲಿ ಕಂಡವು. ಮೊದಲ ಸ್ಥಾನದಲ್ಲಿದ್ದ ಜರ್ಮನಿಯ ಅನಿಕಾ ಶ್ಲೊಯ್ ಏರಿದ ಸೇಂಟ್ ಬಾಯ್ ಎಂಬ ಕುದುರೆ ನೆಗೆಯಲು ಒಪ್ಪಲೇ ಇಲ್ಲ. ಆಕೆ ಅಳುತ್ತ ಚಾವಟಿ ಬೀಸಿದಳು, ಬೇಲಿಯಾಚೆಯಿಂದ ತರಬೇತುದಾರ್ತಿ ಕುದುರೆಗೆ ಗುದ್ದಿದಳು. ಗುದ್ದು ಕೃತ್ಯ, ತರಬೇತುದಾರ್ತಿಯನ್ನು ಕೂಟದಿಂದ ಹೊರಹಾಕಿದ್ದು ಸರಿಯೇ, ಚಾವಟಿಯನ್ನೂ ನಾನು ಸಮರ್ಥಿಸುವುದಿಲ್ಲ. ಆದರೆ ಜಗತ್ತಿನ ಮೂಲೆಮೂಲೆಯಿಂದ ಅನಿಕಾಳ ಮೇಲೆ ದ್ವೇಷದ ಮಳೆಗರೆದವರಲ್ಲಿ ಎಷ್ಟು ಜನ ಆ ಆಟದ ನಿಯಮ ಓದಿದ್ದರೋ! ಆ ಕುದುರೆ ಆಕೆಯದಲ್ಲ. ಚೀಟಿ ಎತ್ತಿ ಹಂಚಿದ ಅಪರಿಚಿತ ಕುದುರೆ, ಪರಸ್ಪರ ಅರಿಯಲು ಸಿಗುತ್ತಿದ್ದುದು ಇಪ್ಪತ್ತೇ ನಿಮಿಷ. ಸೇಂಟ್ ಬಾಯ್ ಅದಕ್ಕೆ ಮೊದಲು ಇನ್ನೊಬ್ಬ ಸ್ಪರ್ಧಿಯ ಕೈಯಲ್ಲೂ ಹೀಗೇ ಮೊಂಡುಹಿಡಿದಿತ್ತು. ರೋಗ ನಿಯಮದಲ್ಲಿತ್ತು ಎಂದು ಕೊನೆಗೆ ಆ ಕ್ರೀಡೆಯ ಒಕ್ಕೂಟವೇ ಒಪ್ಪಿದಂತಾಯಿತು: 2024ರ ಪ್ಯಾರಿಸ್ ನಂತರ ಪೆಂಟಾಥ್ಲಾನ್‌ನಲ್ಲಿ ಕುದುರೆ ಸವಾರಿ ಇಲ್ಲ.

ತಪ್ಪಾದರೂ ಚಿಂತೆಯಿಲ್ಲ, ಕುದುರೆಯ ಪರವಾಗಿ ತಪ್ಪೋಣ ಎನ್ನುವವರು ಉಳಿಯುತ್ತಾರೆ. ಅದು ಕುದುರೆಯ ಪರವಾಗಿದ್ದರೆ ನಾನೂ ಒಪ್ಪುತ್ತಿದ್ದೆ. ಬೈಗುಳಕ್ಕೆ ಹೆದರಿದ ಒಡೆಯ ಮುದಿ ಕುದುರೆಯನ್ನು ಬಯಲಿಗೆ ಬಿಡುವುದಿಲ್ಲ, ರಸ್ತೆಯಿಂದ ಕಾಣದ ಕತ್ತಲೆ ಲಾಯದಲ್ಲಿ ಕಟ್ಟುತ್ತಾನೆ. ಕೈ ಬಿಗಿಯಾದಾಗ ನೆರವು ಕೇಳಲು ನಾಚುತ್ತಾನೆ. 2015ರಲ್ಲಿ ಬಾಂಬೆ ಹೈಕೋರ್ಟ್ ಮುಂಬೈಯ ವಿಕ್ಟೋರಿಯಾ ಗಾಡಿಗಳನ್ನು ನಿಲ್ಲಿಸಿದಾಗ ಕುದುರೆಗಳ ಜೊತೆಗೆ ಅವನ್ನೇ ನಂಬಿದ್ದ ಕುಟುಂಬಗಳಿಗೂ ದಾರಿ ತೋರಿಸಬೇಕೆಂದು ಸರ್ಕಾರಕ್ಕೆ ಹೇಳಿತ್ತು. ಎರಡೂ ಕಡೆಯ ಮಾತು ಕೇಳಿದವರಿಗೆ ಬರುವ ಯೋಚನೆ ಅದು. ಬಡಕಲು ಕುದುರೆ ಕಣ್ಣಿಗೆ ಬಿದ್ದರೆ ಹತ್ತಿರ ಹೋಗಿ ನೋಡಿ: ನೀರಿದೆಯೇ, ಮೇವಿದೆಯೇ, ನೆರಳಿದೆಯೇ, ಗೊರಸು ಕತ್ತರಿಸಿದ್ದಾರೆಯೇ? ಒಡೆಯನಿದ್ದರೆ ಕುದುರೆಗೆ ವಯಸ್ಸೆಷ್ಟು ಎಂದು ಕೇಳಿ, ಸಾಕಿದವರು ಆ ಪ್ರಶ್ನೆಗೆ ಅರ್ಧ ಗಂಟೆ ಉತ್ತರಿಸುತ್ತಾರೆ. ಉತ್ತರ ಸಮಾಧಾನ ತರದಿದ್ದರೆ ಪಟವನ್ನು ಊರಿಗೆಲ್ಲ ಹಂಚುವ ಮೊದಲು ಪಶುವೈದ್ಯರಿಗೆ ತೋರಿಸಿ; ಸಂಚಾರಿ ಪಶು ಚಿಕಿತ್ಸಾ ಘಟಕದ ಉಚಿತ ದೂರವಾಣಿ ಸಂಖ್ಯೆ 1962.